ಓದದ ಪಿಡಿಎಫ್ ಹಂಚುವ ಮುನ್ನ: ಹಳೆಯ ಲೈಬ್ರರಿಯನ್ ಒಬ್ಬನ ಕಿವಿಮಾತು

ಹಳೆಯ ಕನ್ನಡ ಪುಸ್ತಕಗಳ ಹುಚ್ಚಿರುವ ಯಾರ ಕಂಪ್ಯೂಟರ್ ತೆರೆದರೂ ಓದದ ಪುಸ್ತಕಗಳದೊಂದು ಫೋಲ್ಡರ್ ಸಿಕ್ಕೇ ಸಿಗುತ್ತದೆ. ಎಂದಾದರೂ ಬೇಕಾದೀತು ಎಂದು ಇಳಿಸಿಕೊಂಡದ್ದು, ಮುಖಪುಟ ನೋಡಿ ಮುಚ್ಚಿದ್ದು, ಪಿಎಚ್.ಡಿ.ಗೆ ಬೇಕೆಂದು ತಂದ ಮೇಲೆ ವಿಷಯವೇ ಬದಲಾದದ್ದು, ಹೀಗೆ ನೂರಾರು ಪಿಡಿಎಫ್. ಡಿಸ್ಕ್ ತುಂಬಿದ ದಿನ ಉದಾರಬುದ್ಧಿ ಹುಟ್ಟುತ್ತದೆ: ‘ನನಗಂತೂ ಬೇಡ, ಯಾರಿಗಾದರೂ ಉಪಯೋಗವಾಗಲಿ.’ ಬುದ್ಧಿ ಒಳ್ಳೆಯದೇ. ಆದರೆ ಆಮೇಲೆ ಆಗುವುದೇನು? ಇಡೀ ಫೋಲ್ಡರನ್ನು ಡ್ರೈವಿಗೆ ಸುರಿದು, ಲಿಂಕನ್ನು ನಾಲ್ಕು ವಾಟ್ಸ್ಯಾಪ್ ಗುಂಪಿಗೆ ಹಾಕಿ ಕೈತೊಳೆದುಕೊಳ್ಳುವುದು.

ಲೈಬ್ರರಿ ಕೌಂಟರಿನ ಹಿಂದೆ ಕೂತೇ ತಲೆ ನರೆತವನು ನಾನು. ಪಕ್ಕದ ಮನೆಯಿಂದ ಬಂದ ಪಾತ್ರೆಯನ್ನು ನಮ್ಮ ಕಡೆ ಬರಿದಾಗಿ ಹಿಂತಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಹಿಡಿ ಸಕ್ಕರೆ ಹಾಕಿಯಾದರೂ ಕೊಡುತ್ತೇವೆ. ಫೈಲಿಗೂ ಅದೇ ನಿಯಮ. ನೀನು ಓದದಿದ್ದರೆ ಚಿಂತೆಯಿಲ್ಲ, ಅದಕ್ಕೆ ಅರ್ಧ ಗಂಟೆ ಕೊಟ್ಟು, ಸಿಕ್ಕಿದ್ದಕ್ಕಿಂತ ಚೊಕ್ಕ ಮಾಡಿ ಕೊಡು. ಅದು ಹೇಗೆ ಎನ್ನುವುದನ್ನು ಒಂದೊಂದಾಗಿ ಹೇಳುತ್ತೇನೆ, ತಮ್ಮ, ತಂಗಿ. ಒಪ್ಪಿದ್ದನ್ನು ಇಟ್ಟುಕೊಳ್ಳಿ.

ಕೊಡುವ ಹಕ್ಕು ನಿನಗಿದೆಯೇ?

• ಮೊದಲು ಲೇಖಕರು ತೀರಿಕೊಂಡ ವರ್ಷ ನೋಡು. ನಮ್ಮ ದೇಶದ ಕೃತಿಸ್ವಾಮ್ಯ ಕಾಯ್ದೆ 1957ರದು. ಲೇಖಕರು ಬದುಕಿದ್ದಾಗ ಪ್ರಕಟವಾದ ಕೃತಿಗೆ, ಅವರು ತೀರಿಕೊಂಡ ಮರುವರ್ಷದ ಜನವರಿ 1ರಿಂದ 60 ವರ್ಷ ಹಕ್ಕು ಉಳಿಯುತ್ತದೆ. ಮೊದಲು 50 ಇತ್ತು, 1992ರ ತಿದ್ದುಪಡಿಯಲ್ಲಿ 60 ಆಯಿತು. ಲೆಕ್ಕ ಸುಲಭ. ಬಿ.ಎಂ.ಶ್ರೀ ಮತ್ತು ಕೈಲಾಸಂ ಇಬ್ಬರೂ 1946ರಲ್ಲಿ ಹೋದವರು. ಅವರ ಕೃತಿಗಳು 2007ರಿಂದ ಎಲ್ಲರ ಸ್ವತ್ತು. ಮಂಜೇಶ್ವರದ ಗೋವಿಂದ ಪೈಗಳು, ಕಾದಂಬರಿಕಾರ್ತಿ ತ್ರಿವೇಣಿ 1963ರಲ್ಲಿ ತೀರಿಕೊಂಡರು. ಅವರ ಪುಸ್ತಕಗಳ ಅವಧಿ 2023ಕ್ಕೆ ಮುಗಿಯಿತು. ಆಲೂರು ವೆಂಕಟರಾಯರದು 2024ಕ್ಕೆ. ಡಿವಿಜಿಯವರದು 2035ರ ಕೊನೆಯವರೆಗೆ, ಬೇಂದ್ರೆಯವರದು 2041ರವರೆಗೆ, ಕುವೆಂಪು ಅವರದು 2054ರವರೆಗೆ ಇದೆ. ‘ಹಳೇ ಪುಸ್ತಕ ಅಲ್ವಾ ಸಾರ್’ ಎನ್ನುವುದು ಲೆಕ್ಕವಲ್ಲ.

• ಕಾವ್ಯ ಹಳೆಯದಾದ ಮಾತ್ರಕ್ಕೆ ಪುಸ್ತಕ ಹಳೆಯದಲ್ಲ. ಪಂಪ ಹತ್ತನೆಯ ಶತಮಾನದವನು, ಅವನ ಪದ್ಯಕ್ಕೆ ಯಾರ ಅಪ್ಪಣೆಯೂ ಬೇಡ. ಆದರೆ ನಿನ್ನ ಹತ್ತಿರ ಇರುವ ಪಿಡಿಎಫ್‌ನಲ್ಲಿ ಪದ್ಯದ ಕೆಳಗೆ ಒಬ್ಬ ವಿದ್ವಾಂಸರ ತಾತ್ಪರ್ಯ, ಟಿಪ್ಪಣಿ, ಮುಂದೆ ಎಂಬತ್ತು ಪುಟದ ಪೀಠಿಕೆ ಇದ್ದರೆ ಅವು ಅವರ ದುಡಿಮೆ. ಕಿಟೆಲ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ, ಕಿಟೆಲ್ ತೀರಿಕೊಂಡದ್ದು 1903ರಲ್ಲಿ. ಅದನ್ನು ಧಾರಾಳವಾಗಿ ಹಂಚು. ಮರಿಯಪ್ಪ ಭಟ್ಟರು ಪರಿಷ್ಕರಿಸಿ ಮದ್ರಾಸ್ ವಿಶ್ವವಿದ್ಯಾಲಯ ಪ್ರಕಟಿಸಿದ ಆವೃತ್ತಿಯ ವಿಚಾರ ಬೇರೆ. ಎರಡನ್ನೂ ‘ಕಿಟೆಲ್’ ಎಂಬ ಒಂದೇ ಹೆಸರಿನಲ್ಲಿ ಇಟ್ಟುಕೊಂಡವರು ಬಹಳ. ಅನುವಾದದ ವಿಷಯದಲ್ಲೂ ಹೀಗೆಯೇ: ಮೂಲ ಬರೆದವರ ವರ್ಷವನ್ನೂ ಕನ್ನಡಕ್ಕೆ ತಂದವರ ವರ್ಷವನ್ನೂ ನೋಡಬೇಕು.

• ಹಕ್ಕಿದ್ದೂ ಬಿಟ್ಟುಕೊಟ್ಟವರನ್ನು ನೆನೆ. ನಿರಂಜನರು ತೀರಿಕೊಂಡದ್ದು 1992ರಲ್ಲಿ. ಲೆಕ್ಕದ ಪ್ರಕಾರ ಅವರ ಕೃತಿಗಳಿಗೆ ಇನ್ನೂ ಹಕ್ಕಿದೆ. ಆದರೆ ಮಗಳು ತೇಜಸ್ವಿನಿ ನಿರಂಜನ ಅವರು 2014ರಲ್ಲಿ ತಂದೆಯ ಹತ್ತಾರು ಪುಸ್ತಕಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಡುಗಡೆ ಮಾಡಿದರು. ಇಂಥವನ್ನು ಹಂಚುವಾಗ ಎರಡು ಮಾತು ನೆನಪಿಡು: ಲೇಖಕರ ಹೆಸರು ಹೇಳಬೇಕು, ತಿದ್ದಿ ಬದಲಾಯಿಸಿ ಹಂಚಿದರೆ ಅದೇ ಪರವಾನಗಿಯಲ್ಲೇ ಹಂಚಬೇಕು. ಪರವಾನಗಿ ಬರೆದ ಪುಟವನ್ನು ‘ಖಾಲಿ ಪುಟ’ ಎಂದು ಕತ್ತರಿಸಬೇಡ.

• ಈಗಿನ ಲೇಖಕರ ಪುಸ್ತಕ ಹೇಗೋ ನಿನ್ನ ಫೋನಿಗೆ ಬಂದಿದ್ದರೆ ಅದು ನಿನ್ನಲ್ಲೇ ನಿಲ್ಲಲಿ. ಮುದ್ರಣ ವಿವರದ ಪುಟ ತೆರೆದು ನೋಡು: ‘ಪ್ರತಿಗಳು: 1000’ ಎಂದು ಇರುತ್ತದೆ. ಆ ಸಾವಿರ ಖರ್ಚಾಗುವುದಕ್ಕೆ ವರ್ಷಗಟ್ಟಲೆ ಹಿಡಿಯುತ್ತದೆ. ಐನೂರು ಜನರ ಗುಂಪಿಗೆ ನೀನು ಒಮ್ಮೆ ಫಾರ್ವರ್ಡ್ ಮಾಡಿದರೆ ಆ ಪ್ರಕಾಶಕರ ಎರಡನೇ ಮುದ್ರಣದ ಆಸೆ ಅಲ್ಲಿಗೇ ಮುಗಿಯಿತು. ಕಾಯ್ದೆಯಲ್ಲಿ ಸ್ವಂತ ಓದಿಗೆ, ಸಂಶೋಧನೆಗೆ ಒಂದಿಷ್ಟು ಅವಕಾಶವಿದೆ ನಿಜ. ಗುಂಪಿಗೆ ಹಂಚುವುದು ಸ್ವಂತ ಓದಾಗುವುದಿಲ್ಲ.

• ಕಾಲೇಜಿನ ಪಾಸ್‌ವರ್ಡ್ ಬಳಸಿ ಇಳಿಸಿಕೊಂಡ ಪತ್ರಿಕಾ ಲೇಖನಗಳನ್ನು ಹೊರಗೆ ಹಾಕಬೇಡ. ಚಂದಾ ಕಟ್ಟಿರುವುದು ಸಂಸ್ಥೆ. ತೊಂದರೆಯಾದರೆ ಇಡೀ ಕಾಲೇಜಿನ ಸೌಲಭ್ಯಕ್ಕೆ ಕುತ್ತು ಬರುತ್ತದೆ. ವಿಶ್ವವಿದ್ಯಾಲಯಗಳ ಪ್ರಬಂಧಗಳನ್ನು ಇಡುವ ಶೋಧಗಂಗಾ ಜಾಲತಾಣದ ಮಹಾಪ್ರಬಂಧಗಳ ಕಥೆ ಬೇರೆ. ಅವು ಎಲ್ಲರಿಗೂ ತೆರೆದೇ ಇವೆ, ಮತ್ತೆ ಬೇರೆ ಕಡೆ ಏರಿಸುವ ಅಗತ್ಯವೇ ಇಲ್ಲ. ಅಲ್ಲಿ ಒಂದು ಪ್ರಬಂಧ ಅಧ್ಯಾಯವಾರು ತುಂಡು ಫೈಲುಗಳಾಗಿ ಇರುತ್ತದೆ. ನೀನು ಮೂರನೇ ಅಧ್ಯಾಯವನ್ನಷ್ಟೇ ಕಳಿಸಿದರೆ ಅದು ಯಾರ ಪ್ರಬಂಧ, ಯಾವ ವಿಶ್ವವಿದ್ಯಾಲಯದ್ದು ಎಂದು ಪಡೆದವರಿಗೆ ತಿಳಿಯುವುದೇ ಇಲ್ಲ. ಪ್ರಬಂಧದ ಪುಟದ ಲಿಂಕ್ ಕೊಡು, ಸಾಕು.

ಕೊಡುವ ಮೊದಲು ತೆರೆದು ನೋಡು

• ಪುಟ ಎಣಿಸು. ಇದೇ ಮುಖ್ಯ ಕೆಲಸ, ಇದನ್ನೇ ಯಾರೂ ಮಾಡುವುದಿಲ್ಲ. ಮೊದಲ ಪುಟ, ಕೊನೆಯ ಪುಟ, ನಡುವೆ ಅಲ್ಲಲ್ಲಿ ತೆರೆದು, ಅಚ್ಚಾದ ಪುಟಸಂಖ್ಯೆಗೂ ಪಿಡಿಎಫ್ ತೋರಿಸುವ ಸಂಖ್ಯೆಗೂ ಇರುವ ಅಂತರ ಬರೆದುಕೋ. ಪೀಠಿಕೆ ಮುಗಿದ ಮೇಲೆ ಆ ಅಂತರ ಪುಸ್ತಕದುದ್ದಕ್ಕೂ ಒಂದೇ ಇರಬೇಕು. ನಡುವೆ ಬದಲಾಯಿತೆಂದರೆ ಅಲ್ಲಿ ಪುಟ ಹಾರಿದೆ, ಇಲ್ಲವೆ ಒಂದೇ ಪುಟ ಎರಡು ಸಲ ಸ್ಕ್ಯಾನ್ ಆಗಿದೆ. ಹಳೆಯ ಪುಸ್ತಕಗಳನ್ನು 8 ಅಥವಾ 16 ಪುಟದ ಫಾರಂಗಳಾಗಿ ಅಚ್ಚುಹಾಕಿ, ಮಡಿಸಿ, ಹೊಲಿಯುತ್ತಿದ್ದರು. 49ರಿಂದ 64ರವರೆಗೆ ಸರಿಯಾಗಿ 16 ಪುಟವೇ ಇಲ್ಲವೆಂದರೆ ಸ್ಕ್ಯಾನ್ ಮಾಡಿದವರನ್ನು ಬೈಯಬೇಡ, ಬೈಂಡಿಂಗಿನಲ್ಲೇ ಒಂದು ಫಾರಂ ಬಿಟ್ಟುಹೋಗಿರಬಹುದು. ಹಾಗಿದ್ದರೆ ಬೇರೆ ಲೈಬ್ರರಿಯ ಪ್ರತಿ ಹುಡುಕಬೇಕು, ಅದೇ ಪ್ರತಿಯನ್ನು ಮತ್ತೆ ಸ್ಕ್ಯಾನ್ ಮಾಡಿಸಿ ಫಲವಿಲ್ಲ.

• ದೋಷವಿದ್ದರೆ ಮುಚ್ಚಿಡಬೇಡ, ದೋಷವಿದೆ ಎಂದು ಎಸೆಯಲೂ ಬೇಡ. ‘ಪುಟ 112–113 ಇಲ್ಲ, 87 ತಲೆಕೆಳಗಾಗಿದೆ’ ಎಂದು ಒಂದು ಸಾಲು ಬರೆದು ಜೊತೆಗಿಡು. ಆ ಎರಡು ಪುಟ ಇರುವವರು ಎಲ್ಲೋ ಇರುತ್ತಾರೆ. ಏನು ಬೇಕೆಂದು ಅವರಿಗೆ ತಿಳಿದರೆ ಕಳಿಸಿಕೊಡುತ್ತಾರೆ.

• ಒಂದೇ ಪುಸ್ತಕದ ನಾಲ್ಕು ಪ್ರತಿ ಕೊಡಬೇಡ. ಬ್ರೌಸರ್ ಒಂದೇ ಫೈಲನ್ನು ಮತ್ತೆ ಮತ್ತೆ ಇಳಿಸಿ, ಹೆಸರಿನ ಕೊನೆಗೆ ಕಂಸದಲ್ಲಿ 1, 2 ಎಂದು ಹಚ್ಚಿರುತ್ತದೆ. ಗಾತ್ರ ಒಂದೇ ಇದ್ದರೆ ಫೈಲೂ ಒಂದೇ ಎಂದು ನಂಬಬೇಡ. ಹ್ಯಾಶ್ ಮೌಲ್ಯ, ಎಂದರೆ ಫೈಲಿನ ಒಳಗಿರುವುದನ್ನೆಲ್ಲ ಲೆಕ್ಕಹಾಕಿ ತಂತ್ರಾಂಶ ಕೊಡುವ ಗುರುತು, ತೆಗೆದು ಹೋಲಿಸು. ಒಳಗೆ ಒಂದು ಬೈಟ್ ಬದಲಾದರೂ ಹ್ಯಾಶ್ ಪೂರ್ತಿ ಬೇರೆಯಾಗುತ್ತದೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಪ್ರತಿ ಫೈಲಿನ ಎಂಡಿ5, ಎಸ್‌ಎಚ್‌ಎ1 ಮೌಲ್ಯಗಳ ಪಟ್ಟಿಯೇ ಇರುತ್ತದೆ. ಹಾಗೆಂದು ಹ್ಯಾಶ್ ಬೇರೆ ಬಂದ ಕೂಡಲೇ ಪುಸ್ತಕವೇ ಬೇರೆ ಎನ್ನಬೇಡ. ನೀನು ಎರಡು ಸಾಲಿಗೆ ಹಳದಿ ಬಳಿದು ಸೇವ್ ಮಾಡಿದ್ದರೂ ಹ್ಯಾಶ್ ಬದಲಾಗಿರುತ್ತದೆ.

• ನಿನ್ನ ಗುರುತು ಅಳಿಸು. ಅಡಿಗೆರೆ, ಅಂಚಿನ ಬರಹ, ಪ್ರಾಪರ್ಟೀಸ್‌ನಲ್ಲಿ ಕೂತ ನಿನ್ನ ಹೆಸರು, ಇವನ್ನು ತೆಗೆದು ಕೊಡು. ಫೋಲ್ಡರನ್ನು ಇಡಿಯಾಗಿ ಏರಿಸಬೇಡ. ಡೌನ್‌ಲೋಡ್ಸ್ ಎನ್ನುವ ಜಾಗದಲ್ಲಿ ಗದಾಯುದ್ಧದ ಪಕ್ಕದಲ್ಲೇ ನಿನ್ನ ಆಧಾರ್ ಕಾರ್ಡಿನ ಸ್ಕ್ಯಾನ್, ಅಪ್ಪನ ಪಿಂಚಣಿ ಕಾಗದ, ಮಗುವಿನ ಜನನ ಪ್ರಮಾಣಪತ್ರ ಇರುತ್ತವೆ.

• ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಹಿಂದೆ ಟೈಪ್ ಮಾಡಿದ ವರ್ಡ್ ಫೈಲುಗಳನ್ನು ಹಾಗೆಯೇ ಕಳಿಸಬೇಡ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ‘ಕನ್ನಡ’ ಎಂಬ ಪದವೇ ಇಂಗ್ಲಿಷ್ ಅಕ್ಷರ, ತಲೆಯ ಮೇಲೆ ಗೀರಿರುವ ಎ, ನಡುವೆ ಒಂದು ಪೌಂಡ್ ಗುರುತು ಹೀಗೆ ಕಾಣುತ್ತದೆ. ಯೂನಿಕೋಡಿಗೆ ಪರಿವರ್ತಿಸು. ಪರಿವರ್ತಿಸಿ ನಿಲ್ಲಬೇಡ: ಅರ್ಕಾವತ್ತು ಇರುವ ಪದಗಳನ್ನೂ ಒತ್ತಕ್ಷರಗಳನ್ನೂ ಒಮ್ಮೆ ಕಣ್ಣಾಡಿಸು, ಎಡವುವುದು ಅಲ್ಲೇ. ಮೂಲ ಫೈಲನ್ನೂ ಇಟ್ಟಿರು. ಫಾಂಟನ್ನೇ ಹಂಚುವುದಾದರೆ ಗುಬ್ಬಿ, ನವಿಲು, ನೋಟೋದಂಥ ಮುಕ್ತ ಫಾಂಟುಗಳನ್ನು ಪರವಾನಗಿ ಫೈಲಿನ ಸಮೇತ ಹಂಚು. ಡಿಟಿಪಿ ಅಂಗಡಿಯವರು ಹಣ ಕೊಟ್ಟು ಕೊಂಡ ಫಾಂಟಿಗೆ ನೀನು ಯಜಮಾನನಲ್ಲ.

• ಪುಸ್ತಕದ ಹೆಸರಿಟ್ಟುಕೊಂಡು ಎಪಿಕೆ ಅಥವಾ ಇಎಕ್ಸ್‌ಇ ಎಂದು ಕೊನೆಯಾಗುವ ಫೈಲು ಬಂದಿದ್ದರೆ ಅದನ್ನು ತೆರೆಯಲೂ ಬೇಡ, ಹಂಚಲೂ ಬೇಡ. ಅದು ಪುಸ್ತಕವಲ್ಲ.

ಹೆಸರು ಸರಿಪಡಿಸು

• ಫೋನಿನಲ್ಲಿ ‘ಡಾಕ್’ ಎಂದು ಶುರುವಾಗಿ, ತಾರೀಕು, ಆಮೇಲೆ ‘ಡಬ್ಲ್ಯೂಎ0007’ ಎಂಬ ಬಾಲ ಇರುವ ಫೈಲುಗಳಿವೆಯಲ್ಲ, ಅವು ವಾಟ್ಸ್ಯಾಪ್ ಇಟ್ಟ ಹೆಸರು. ಅದರಿಂದ ಯಾರಿಗೂ ಏನೂ ಸಿಗದು. ಲೇಖಕ, ಕೃತಿ, ಪ್ರಕಾಶಕ, ಆವೃತ್ತಿ, ವರ್ಷ, ಈ ಕ್ರಮದಲ್ಲಿ ಹೆಸರಿಡು. ಮುಖಪುಟ ನೋಡಿ ಬರೆಯಬೇಡ, ಒಳಗಿನ ಶೀರ್ಷಿಕೆ ಪುಟ, ಮುದ್ರಣ ವಿವರದ ಪುಟ ನೋಡಿ ಬರೆ. ಕನ್ನಡದಲ್ಲೇ ಬರೆ. ಹುಡುಕುವವರು ಇಂಗ್ಲಿಷ್ ಅಕ್ಷರದಲ್ಲೂ ಹುಡುಕುತ್ತಾರೆ, ಜಾಗವಿದ್ದರೆ ಅದನ್ನೂ ಸೇರಿಸು.

• ವರ್ಷ ಬರೆಯುವಾಗ ಎಚ್ಚರ. ನೂರು ವರ್ಷ ಹಳೆಯ ಪುಸ್ತಕದಲ್ಲಿ ಇಸವಿ ಬದಲು ಸಂವತ್ಸರ ಮಾತ್ರ ಇರಬಹುದು. ಸಂವತ್ಸರ 60 ವರ್ಷಕ್ಕೊಮ್ಮೆ ಮರಳುತ್ತದೆ: ಸೌಮ್ಯ ಸಂವತ್ಸರ ಎಂದರೆ 1909–10 ಆಗಬಹುದು, 1969–70 ಕೂಡ ಆಗಬಹುದು. ಶಕ ವರ್ಷ ಕೊಟ್ಟಿದ್ದರೆ 78 ಕೂಡಿಸು; ಶಕ 1831 ಎಂದರೆ 1909. ಎರಡೂ ಹೊಂದಿದರೆ ಬರೆ. ಸಂವತ್ಸರ ಮಾತ್ರ ಇದ್ದರೆ ಸಂವತ್ಸರವನ್ನೇ ಬರೆ, ಊಹಿಸಿದ ಇಸವಿಯನ್ನು ಖಚಿತವೆಂಬಂತೆ ಹಾಕಬೇಡ. ಮುಂದಿನವನು ಅದನ್ನೇ ಪ್ರಬಂಧದಲ್ಲಿ ಬರೆದುಬಿಡುತ್ತಾನೆ.

• ಹಳೆಯ ಸಂಖ್ಯೆಯನ್ನು ಅಳಿಸಬೇಡ. ನಿನ್ನ ಬಳಿ ಇರುವ ಬಹಳಷ್ಟು ಪಿಡಿಎಫ್ ಬಂದದ್ದು ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಿಂದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮುಂದೆ ನಿಂತು ಮಾಡಿಸಿದ ಕೆಲಸ ಅದು. ಮೂಲ ಜಾಲತಾಣ ಮುಚ್ಚಿದರೂ ಆ ಪುಸ್ತಕಗಳು ಇವತ್ತಿಗೂ ಸಿಗುತ್ತಿರುವುದು ಇಂಟರ್ನೆಟ್ ಆರ್ಕೈವ್‌ನಲ್ಲಿ ಪ್ರತಿ ಇರುವುದರಿಂದ. ಅಲ್ಲಿ ಅವುಗಳ ಗುರುತು ‘ಇನ್ ಡಾಟ್ ಅರ್ನೆಟ್ ಡಾಟ್ ಡಿಎಲ್‌ಐ ಡಾಟ್ 2015’ ಎಂದು ಶುರುವಾಗಿ ಒಂದು ಉದ್ದದ ಸಂಖ್ಯೆಯಲ್ಲಿ ಮುಗಿಯುತ್ತದೆ. ಕನ್ನಡ ಹೆಸರುಗಳನ್ನು ಅಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಅಡ್ಡಾದಿಡ್ಡಿ ಬರೆದಿರುವುದರಿಂದ ಎಷ್ಟೋ ಸಲ ಪುಸ್ತಕ ಹಿಡಿಯಲು ಆ ಸಂಖ್ಯೆಯೊಂದೇ ದಾರಿ. ಹೊಸ ಹೆಸರಿನ ಕೊನೆಗೆ ಅದನ್ನು ಉಳಿಸಿಕೋ.

• ಸ್ಕ್ಯಾನ್ ಮಾಡಿದವರ ಹೆಸರು, ಪುಸ್ತಕ ಕೊಟ್ಟ ಲೈಬ್ರರಿಯ ಮೊಹರು, ಯಾವುದನ್ನೂ ಕತ್ತರಿಸಬೇಡ. ನಿನ್ನ ಮೊಹರು ಒತ್ತಬೇಡ. ಪ್ರತಿ ಪುಟದ ಅಡ್ಡಕ್ಕೆ ‘ಸಂಗ್ರಹ: ಇಂಥವರು’ ಎಂದು ನೀರಚ್ಚು ಹಾಕಿ ಕೊಡುವವರಿದ್ದಾರೆ. ಅಕ್ಷರ ಗುರುತಿಸುವ ತಂತ್ರಾಂಶ ಆ ಪುಟಗಳಲ್ಲಿ ಮುಗ್ಗರಿಸುತ್ತದೆ, ಓದುವವರ ಕಣ್ಣೂ ಸೋಲುತ್ತದೆ.

ಎಲ್ಲಿ ಕೊಡಬೇಕು, ಹೇಗೆ ಕೊಡಬೇಕು

• ಬಂದಲ್ಲಿಗೇ ಮೊದಲು ಹೋಗು. ಆರ್ಕೈವ್‌ನಿಂದ ಇಳಿಸಿದ್ದನ್ನು ಆರ್ಕೈವ್‌ಗೇ ಮತ್ತೆ ಏರಿಸುವುದು ಕೊಡುಗೆಯಲ್ಲ. ಹುಡುಕುವವರಿಗೆ ಒಂದೇ ಪುಸ್ತಕ ಆರು ಕಡೆ ಕಂಡು ಯಾವುದು ಪೂರ್ತಿ ಎಂದು ತಿಳಿಯದಂತಾಗುತ್ತದೆ. ಅಲ್ಲಿನ ವಿವರವನ್ನು ಏರಿಸಿದವರಷ್ಟೇ ತಿದ್ದಬಲ್ಲರು, ಆದರೆ ಉಚಿತ ಖಾತೆ ಇರುವ ಯಾರೂ ವಿಮರ್ಶೆಯ ಜಾಗದಲ್ಲಿ ಬರೆಯಬಹುದು. ಸರಿಯಾದ ಕನ್ನಡ ಹೆಸರು, ಲೇಖಕರು, ವರ್ಷ, ಕಾಣೆಯಾದ ಪುಟ, ಇಷ್ಟನ್ನು ನಾಲ್ಕು ಸಾಲಲ್ಲಿ ಅಲ್ಲಿ ಬರೆದಿಡು. ನೀನು ಓದದ ಪುಸ್ತಕಕ್ಕೆ ಮಾಡಬಹುದಾದ ದೊಡ್ಡ ಸೇವೆ ಅದೇ. ಎಸ್.ಆರ್. ರಂಗನಾಥನ್ 1931ರಲ್ಲಿ ಬರೆದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಸಮಯ ಉಳಿಸುವುದು. ಅವರು ಕಟ್ಟಿದ ಸಂಸ್ಥೆ ನಮ್ಮ ಬೆಂಗಳೂರಿನಲ್ಲೇ ಇದೆ, ಅಷ್ಟಾದರೂ ಪಾಲಿಸೋಣ.

• ಎಲ್ಲೂ ಇಲ್ಲದ ಪುಸ್ತಕವಾದರೆ ಅವಶ್ಯ ಏರಿಸು. ಹಕ್ಕು ಮುಗಿದ ಕೃತಿಗಳಿಗೆ ಕನ್ನಡ ವಿಕಿಸೋರ್ಸ್ ಒಳ್ಳೆಯ ಮನೆ. ಅಲ್ಲಿ ಸ್ಕ್ಯಾನ್ ಪುಟ ಒಂದು ಕಡೆ, ಟೈಪಾದ ಪಠ್ಯ ಇನ್ನೊಂದು ಕಡೆ ಇಟ್ಟು ಸಾಲುಸಾಲಾಗಿ ತಿದ್ದುತ್ತಾರೆ. ಯಂತ್ರ ಓದಿದ ಪಠ್ಯವನ್ನು ತಿದ್ದದೆ ‘ಪೂರ್ಣ ಪಠ್ಯ’ ಎಂದು ಹಂಚಬೇಡ: ಅನುಸ್ವಾರವನ್ನು ಅದು ಕನ್ನಡದ ಸೊನ್ನೆ ಮಾಡಿರುತ್ತದೆ, ‘ದ’, ‘ಧ’, ‘ಥ’ ಅದಲುಬದಲಾಗಿರುತ್ತವೆ. ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ, ಹುಡುಕಿದರೆ ಮಾತ್ರ ಪದ ಸಿಗುವುದಿಲ್ಲ.

• ಗುಂಪಿಗೆ ಫೈಲು ಕಳಿಸಬೇಡ, ಲಿಂಕ್ ಕಳಿಸು. 80 ಎಂಬಿಯ ಪುಸ್ತಕ ಇನ್ನೂರು ಜನರ ಫೋನಿಗೆ ತಾನಾಗಿ ಇಳಿದರೆ 16 ಜಿಬಿ ಖರ್ಚು. ಬೇಕಾಗಿದ್ದದ್ದು ಇಬ್ಬರಿಗೋ ಮೂವರಿಗೋ. ಹಳ್ಳಿಯಲ್ಲಿ ದಿನಕ್ಕಿಷ್ಟು ಎಂಬ ಡೇಟಾ ಪ್ಯಾಕಿನಲ್ಲಿರುವ ಮೇಷ್ಟ್ರು ಬೆಳಗ್ಗೆ ಎದ್ದಾಗ ಅಂದಿನ ಡೇಟಾದ ಒಂದು ಪಾಲು ಆಗಲೇ ಮುಗಿದಿರುತ್ತದೆ. ಪುಟಗಳನ್ನು ಫೋಟೋ ಮಾಡಿ ಕಳಿಸಿದರಂತೂ ವಾಟ್ಸ್ಯಾಪ್ ಅವನ್ನು ಕುಗ್ಗಿಸಿ ಒತ್ತಕ್ಷರಗಳನ್ನೇ ನುಂಗಿಬಿಡುತ್ತದೆ.

• ಪಟ್ಟಿ ಮೊದಲು, ಫೈಲು ಆಮೇಲೆ. ‘ನನ್ನ ಬಳಿ ಇವು ಇವೆ, ಯಾರಿಗೆ ಬೇಕು?’ ಎಂದು ಲೇಖಕ, ಕೃತಿ, ವರ್ಷ, ಗಾತ್ರ ಬರೆದ ಒಂದು ಹಾಳೆ ಹಾಕು. ಬೇಕಾದವರು ಕೇಳುತ್ತಾರೆ. ಕೇಳಿದವರಿಗೆ ಇಲ್ಲವೆಂದರೆ ಇಲ್ಲ ಎಂದಾದರೂ ಉತ್ತರಿಸು, ತಿಂಗಳುಗಟ್ಟಲೆ ಕಾಯಿಸಬೇಡ. ಧನ್ಯವಾದ ಬರಲಿಲ್ಲ ಎಂದು ಮುನಿಸಿಕೊಳ್ಳಲೂ ಬೇಡ.

• ಡ್ರೈವ್ ಲಿಂಕ್ ಕೊಡುವಾಗ ಬೇರೆ ಖಾತೆಯಿಂದ ಒಮ್ಮೆ ತೆರೆದು ನೋಡು. ಅನುಮತಿ ಕೇಳುವ ಬಾಗಿಲು ಬಂದರೆ ಇನ್ನೂ ಹಂಚಿಲ್ಲ ಎಂದೇ ಅರ್ಥ. ಕಾಲೇಜಿನ ಇಮೇಲ್ ಖಾತೆಯಲ್ಲಿ ಇಟ್ಟಿದ್ದರೆ ನೀನು ಅಲ್ಲಿಂದ ಹೊರಬಿದ್ದ ಮೇಲೆ ಆ ಖಾತೆ ಮುಚ್ಚುತ್ತದೆ, ಲಿಂಕೂ ಸಾಯುತ್ತದೆ. ಡ್ರೈವ್ ದಾಟಿಸುವುದಕ್ಕೆ ಸರಿ, ಕಾಪಾಡುವುದಕ್ಕಲ್ಲ.

• ಟೊರೆಂಟಿನಿಂದ ಇಳಿಸಿದ್ದಾದರೆ ಮರಳಿಸುವ ರೀತಿ ಬೇರೆ. ಆರ್ಕೈವ್‌ನಲ್ಲಿ ಹೆಚ್ಚಿನ ಪುಸ್ತಕಗಳಿಗೆ ಟೊರೆಂಟ್ ಕೊಂಡಿಯೂ ಇದೆ. 2001ರಲ್ಲಿ ಬಂದ ಈ ವ್ಯವಸ್ಥೆ ನಡೆಯುವುದೇ ಪಡೆದವರು ಮುಂದಿನವರಿಗೆ ಕೊಡುವುದರಿಂದ. ನೀನು ಪಡೆದಷ್ಟು ಪ್ರಮಾಣವಾದರೂ ಹೊರಹೋಗುವ ತನಕ ಸೀಡ್ ಮಾಡು. ತಂತ್ರಾಂಶದಲ್ಲಿ ರೇಶಿಯೊ 1 ಎಂದು ಕಾಣುತ್ತದೆ. ಬಹಳ ಜನ ಸೀಡ್ ಮಾಡುತ್ತಿರುವುದನ್ನು ಬಿಟ್ಟರೂ ನಡೆದೀತು, ನೀನೊಬ್ಬನೇ ಉಳಿದಿದ್ದರೆ ಬಿಡಬೇಡ. ಆ ಫೈಲುಗಳ ಹೆಸರು, ಜಾಗ ಬದಲಾಯಿಸಿದರೆ ಸೀಡಿಂಗ್ ನಿಂತುಹೋಗುತ್ತದೆ. ಹೆಸರು ಸರಿಪಡಿಸಬೇಕೆಂದರೆ ಇನ್ನೊಂದು ಪ್ರತಿ ತೆಗೆದು ಅದಕ್ಕೆ ಮಾಡು. ಮನೆಯ ವೈಫೈ ಇರುವಾಗಷ್ಟೇ ಈ ಕೆಲಸ. ಮೊಬೈಲ್ ಡೇಟಾದಲ್ಲಿ ಬೇಡ.

• ಉಚಿತವಾಗಿ ಸಿಕ್ಕಿದ್ದನ್ನು ಮಾರಬೇಡ. ‘ಸಾವಿರ ಕನ್ನಡ ಪುಸ್ತಕಗಳ ಪೆನ್‌ಡ್ರೈವ್’ ಎಂದು ಬೆಲೆ ಕಟ್ಟುವುದು ಕಾಯ್ದೆಯ ಮಾತಿರಲಿ, ರಜೆಯ ದಿನ ಕೂತು ಒಂದೊಂದೇ ಪುಟ ತಿರುವಿ ಸ್ಕ್ಯಾನ್ ಮಾಡಿದವರಿಗೆ ಮಾಡುವ ದ್ರೋಹ. ಪೆನ್‌ಡ್ರೈವಿನ ಬೆಲೆಯಷ್ಟೇ ಇಸಕೊಂಡು ತುಂಬಿಕೊಟ್ಟರೆ ಅದು ಬೇರೆ ಮಾತು.

• ಅಳಿಸುವುದಕ್ಕೆ ಹಿಂಜರಿಯಬೇಡ. ಒಳ್ಳೆಯ ಪ್ರತಿ ಭದ್ರವಾದ ಕಡೆ ಇದೆ ಎಂದು ಖಾತ್ರಿಯಾದರೆ ಲಿಂಕ್ ಬರೆದಿಟ್ಟುಕೊಂಡು ನಿನ್ನದನ್ನು ತೆಗೆದುಹಾಕು. ಓದದ್ದನ್ನೆಲ್ಲ ಹಂಚಲೇಬೇಕೆಂಬ ಋಣ ಯಾರೂ ಹೊರಿಸಿಲ್ಲ. ಬೇರೆ ಎಲ್ಲೂ ಕಾಣದ ಪ್ರತಿಯನ್ನು ಮಾತ್ರ ಅಳಿಸುವ ಮೊದಲು ಇನ್ನೊಬ್ಬರ ಕೈಗೆ ದಾಟಿಸು.

• ಕಡೆಯ ಮಾತು: ಇದನ್ನೆಲ್ಲ ಒಂದೇ ಭಾನುವಾರ ಮುಗಿಸಲು ಹೋಗಬೇಡ, ಸುಸ್ತಾಗಿ ಮತ್ತೆ ಇಡೀ ಫೋಲ್ಡರ್ ಸುರಿಯುವ ಮನಸ್ಸಾಗುತ್ತದೆ. ವಾರಕ್ಕೊಂದು ಪುಸ್ತಕ ತೆಗೆದುಕೋ. ವರ್ಷ ನೋಡು, ಪುಟ ಎಣಿಸು, ಹೆಸರಿಡು, ದೋಷ ಬರೆ, ಸರಿಯಾದ ಕಡೆ ಸೇರಿಸು. ಪುಟ ಎಣಿಸುವಾಗ ನಡುವೆ ಎಲ್ಲಾದರೂ ಕಣ್ಣು ನಿಂತರೆ ಅವಸರ ಮಾಡಬೇಡ, ಓದು. ಆ ಪುಸ್ತಕವನ್ನು ಬೇಡದವುಗಳ ಪಟ್ಟಿಯಿಂದ ತೆಗೆದುಬಿಡು.